ಕೆರೆಯ ಆಚೆ ದಡದಲ್ಲಿ ಸೂಟೆ

ನಾನು ಹುಟ್ಟಾ ಹೆದರುಪುಕ್ಕಲ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಮೂರು ಮಹಡಿ ಇಳಿದವನು ಮತ್ತೆ ಹತ್ತಿ ನೋಡಿ ಬರುತ್ತೇನೆ. ವಿಮಾನದಲ್ಲಿ ಕೂತರೆ ರೆಕ್ಕೆ ಅಲುಗುವುದನ್ನೇ ನೋಡುತ್ತಾ ಊಟ ಬಿಡುತ್ತೇನೆ. ಇಂಥವನು ಹೇಳುವ ಭಯದ ಅನುಭವವನ್ನು ಯಾರು ನಂಬುತ್ತಾರೆ? ಸ್ವತಃ ನನ್ನ ಹೆಂಡತಿಯೇ ಅರ್ಧ ನಂಬುವುದಿಲ್ಲ.

ಆದರೆ ಆ ರಾತ್ರಿ ನಾನೊಬ್ಬನೇ ಇರಲಿಲ್ಲ. ಅವಳ ತಮ್ಮ ಜಗದೀಶ, ನಮ್ಮ ಜಗ್ಗು, ಪಕ್ಕದಲ್ಲೇ ಇದ್ದ. ಅವನು ಯಾವುದಕ್ಕೂ ಹೆದರುವ ಆಸಾಮಿಯಲ್ಲ. ನಾನು ಕಂಡದ್ದನ್ನೇ ಅವನೂ ಕಂಡ, ನಾನು ಕೇಳಿದ್ದನ್ನೇ ಅವನೂ ಕೇಳಿದ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಆಗ ನಾವು ಕತಾರಿನಲ್ಲಿದ್ದೆವು. ದೋಹಾ ಅಲ್ ಜದೀದಾದ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ನಾನು, ಹೆಂಡತಿ ಸುಜಾತ ಮತ್ತು ಜಗ್ಗು. ಎರಡು ಸಾವಿರದ ಐದೋ ಆರೋ ಇರಬೇಕು. ಇಡೀ ಊರನ್ನು ಅಗೆದು ಹಾಕಿದ್ದ ಕಾಲ. ಬೆಳಿಗ್ಗೆ ಹೋದ ರಸ್ತೆ ಸಂಜೆಗೆ ಇರುತ್ತಿರಲಿಲ್ಲ.

ಅದರ ಹಿಂದಿನ ಚಳಿಗಾಲದಲ್ಲಿ ನನ್ನ ಮಾವ, ಎಂದರೆ ಜಗ್ಗುವಿನ ಅಪ್ಪ, ಊರಲ್ಲಿ ತೀರಿಕೊಂಡರು. ಜಗ್ಗುವಿನ ಕಫೀಲ, ಎಂದರೆ ವೀಸಾ ಕೊಟ್ಟ ಅರಬ್ಬಿ ಧಣಿ, ಯಾವುದೋ ದೇಶಕ್ಕೆ ಹೋಗಿದ್ದ. ಅವನ ಸಹಿ ಇಲ್ಲದೆ ಎಕ್ಸಿಟ್ ಪರ್ಮಿಟ್ ಇಲ್ಲ, ಪರ್ಮಿಟ್ ಇಲ್ಲದೆ ವಿಮಾನವಿಲ್ಲ. ಒಬ್ಬನೇ ಮಗ... ಚಿತೆಗೆ ಕೊಳ್ಳಿ ಇಟ್ಟದ್ದು ಚಿಕ್ಕಪ್ಪ. ಜಗ್ಗು ಅಳಲಿಲ್ಲ. ಆಮೇಲೆ ಸರಿಯಾಗಿ ಉಣ್ಣಲೂ ಇಲ್ಲ, ಮಲಗಲೂ ಇಲ್ಲ. ಬಾಲ್ಕನಿಯಲ್ಲಿ ಕತ್ತಲೆಯಲ್ಲಿ ಕೂತಿರುತ್ತಿದ್ದ.

ನಮ್ಮ ತುಳುನಾಡಿನಲ್ಲಿ ಒಂದು ಪದ್ಧತಿ ಉಂಟು. ಮಳೆಗಾಲದ ಆಟಿ ತಿಂಗಳಲ್ಲಿ ಸತ್ತ ಹಿರಿಯರಿಗೆ ಎಲೆ ಹಾಕಿ ಬಡಿಸುತ್ತೇವೆ. ಬದುಕಿದ್ದಾಗ ಏನು ಇಷ್ಟವೋ ಅದು. ಮನೆಯ ಯಜಮಾನ 'ಬನ್ನಿ, ಊಟ ಮಾಡಿ' ಎಂದು ಕರೆಯುತ್ತಾನೆ. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲೆಳೆದು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಬೇಕು. ಒಳಗೆ ಹೋಗುವ ಮೊದಲು ಬಾಗಿಲು ತಟ್ಟಬೇಕು. ಉಣ್ಣುವವರಿಗೆ ಎದ್ದು ಹೋಗಲು ಸಮಯ ಬೇಕಲ್ಲ!

"ಭಾವ, ಈ ಆಟಿಗೆ ಅಪ್ಪನಿಗೆ ನಾನೇ ಬಡಿಸ್ಬೇಕು. ಇಲ್ಲೇ" ಎಂದ ಜಗ್ಗು ಒಂದು ದಿನ.

"ಬಡಿಸುವಾ. ಅದಕ್ಕೇನಂತೆ."

"ಮುಗುಡು ಬೇಕು."



ಮುಗುಡು ಎಂದರೆ ಮೀಸೆಯಿರುವ, ಚಪ್ಪಟೆ ತಲೆಯ ಸಿಹಿನೀರಿನ ಮೀನು. ಮಾವನಿಗೆ ಅದರ ಹುಳಿಖಾರದ ಪುಳಿಮುಂಚಿ ಇದ್ದರೆ ಸಾಕು, ಲೋಕವೇ ಬೇಡ. ಮೊದಲ ಮಳೆಗೆ ಗದ್ದೆಗೆ ನೀರು ನುಗ್ಗಿದ ರಾತ್ರಿ ತೆಂಗಿನ ಗರಿಯ ಸೂಟೆ ಹೊತ್ತಿಸಿ ಹೊರಟುಬಿಡುತ್ತಿದ್ದರು. ಹೊಸದಾಗಿ ಮದುವೆಯಾದಾಗ ನನ್ನನ್ನೂ ಎಳೆದುಕೊಂಡು ಹೋಗಿದ್ದರು. "ನೀವು ಸೂಟೆ ಹಿಡೀರಿ ಅಳಿಯಂದ್ರೆ, ಮೀನು ಬೇಡ. ಮೀನೇ ನಿಮ್ಮನ್ನು ಹಿಡಿದೀತು!" ಎಂದು ಕೇಕೆ ಹಾಕಿ ನಕ್ಕಿದ್ದರು.

ಅವರದ್ದೇ ಕೆಲವು ಕಟ್ಟುಪಾಡುಗಳಿದ್ದವು. ರಾತ್ರಿ ನೀರಿನ ಬಳಿ ಯಾರ ಹೆಸರನ್ನೂ ಕರೆಯಬಾರದು. 'ಕೂ' ಹಾಕಬೇಕು, ಇನ್ನೊಬ್ಬ 'ಕೂ' ಎಂದೇ ಓಗೊಡಬೇಕು. ಮುಗುಡು ಸಿಕ್ಕಿದ ಕೂಡಲೇ ಅದರ ಎರಡು ಬದಿಯ ಮುಳ್ಳು ಮುರಿದು, ಯಾರೂ ತುಳಿಯದ ಹಾಗೆ ದಡದ ಕೆಸರಿನಲ್ಲಿ ನೆಟ್ಟುಬಿಡುತ್ತಿದ್ದರು. ಆ ಮುಳ್ಳು ಚುಚ್ಚಿದರೆ ಇಡೀ ರಾತ್ರಿ ನರಕ.

ದೋಹಾದ ಮೀನು ಮಾರ್ಕೆಟ್ಟಿನಲ್ಲಿ ಇದ್ದದ್ದೆಲ್ಲ ಸಮುದ್ರದ ಮೀನು. ಆದರೆ ನಮ್ಮ ಕೆಳಗಿನ ಮನೆಯ ಮಲಪ್ಪುರದ ಟ್ಯಾಂಕರ್ ಡ್ರೈವರ್ ಒಂದು ಸುದ್ದಿ ಹೇಳಿದ್ದ. ಊರಾಚೆ ಮರುಭೂಮಿಯ ತಗ್ಗಿನಲ್ಲಿ ಶುದ್ಧ ಮಾಡಿದ ಕೊಳಚೆ ನೀರು ಬಿಟ್ಟು ಬಿಟ್ಟು ದೊಡ್ಡ ಕೆರೆಯಾಗಿದೆ, ಯಾರೋ ಮೀಸೆ ಮೀನು ತಂದು ಬಿಟ್ಟಿದ್ದಾರೆ, ಈಗ ತೊಡೆಗಾತ್ರ ಬೆಳೆದಿವೆ ಎಂದು.

"ಕೊಳಚೆ ನೀರಿನ ಮೀನಾ? ಅಪ್ಪನಿಗೆ?" ಎಂದಳು ಸುಜಾತ.

"ಅಪ್ಪನಿಗೆ ಈಗ ಹೊಟ್ಟೆ ಕೆಡ್ತದಾ ಅಕ್ಕ?" ಎಂದ ಜಗ್ಗು.

ಹೋಗುವುದೆಂದು ತೀರ್ಮಾನವಾಯಿತು. ಡ್ರೈವಿಂಗ್ ಲೈಸೆನ್ಸ್ ಇದ್ದದ್ದು ಮಾತ್ರ ನನ್ನಲ್ಲಿ.

ಯಾವಾಗ ಹೋಗಬೇಕು, ಎಲ್ಲಿ ಕೂರಬೇಕು ಎಂಬ ವಿಷಯದಲ್ಲಿ ನಾನು ದೊಡ್ಡ ಪಂಡಿತ. ಹಿಡಿದವನಲ್ಲ, ಸೂಟೆ ಹಿಡಿದು ನೋಡಿದವನು. ಮುಗುಡು ಹಗಲು ಹೊರಗೆ ಬರುವುದಿಲ್ಲ. ಮುಳುಗಿದ ಪೊದೆಯ ಬುಡದಲ್ಲಿ ಮಲಗಿರುತ್ತದೆ. ಸೆಕೆ ಹೆಚ್ಚಿ, ಗಾಳಿ ನಿಂತು, ಚಂದ್ರನಿಲ್ಲದ ರಾತ್ರಿ ಕತ್ತಲೆ ಬಿದ್ದ ಮೇಲೆ ಆಳದಿಂದ ಅಂಚಿಗೆ ಬೇಟೆಗೆ ಬರುತ್ತದೆ. ನೀರು ಬಂದು ಬೀಳುವ ಕಡೆ, ಆಳವಿಲ್ಲದ ಜಾಗ ಒಮ್ಮೆಲೇ ಆಳಕ್ಕೆ ಇಳಿಯುವ ಕಡೆ ಗಾಳ ಹಾಕಬೇಕು. ಎರೆಹುಳ ಮರುಭೂಮಿಯಲ್ಲಿ ಎಲ್ಲಿಂದ ತರುವುದು? ಕೋಳಿ ಕರುಳು ತಂದೆವು. ಜೀವಂತ ಸಣ್ಣ ಮೀನು ಸಿಕ್ಕಿದರೆ ಇನ್ನೂ ಒಳ್ಳೆಯದು.

ಆಟಿಯ ಅಮಾವಾಸ್ಯೆ ಶುಕ್ರವಾರ ಬಿದ್ದಿತ್ತು. ಇಬ್ಬರಿಗೂ ರಜೆ. ಹಿಂದಿನ ಸಂಜೆ ಹೊರಟೆವು.

ಮುಸ್ಸಂಜೆಯ ಮಗ್ರಿಬ್ ಬಾಂಗ್ ಮುಗಿದಾಗ ನಾವು ಡಾಂಬರು ಬಿಟ್ಟು ಮಣ್ಣಿನ ದಾರಿಗೆ ಇಳಿದಿದ್ದೆವು. ಚಕ್ರ ಹೂತರೆ? ಪೊಲೀಸರು ಕೇಳಿದರೆ? ಸತ್ತ ಮಾವನಿಗೆ ಮೀನು ಎಂದು ಅರಬ್ಬಿಯಲ್ಲಿ ಹೇಗೆ ಹೇಳುವುದು? ಜಗ್ಗು ನನ್ನ ಮುಖ ನೋಡಿ, "ಭಾವ, ಯಲ್ಲಾ, ಗಾಡಿ ಬಿಡಿ. ನಿಮ್ಮ ಹೆದರಿಕೆಗೆ ಇಂಜಿನ್ ಬಿಸಿಯಾಗ್ತಾ ಉಂಟು" ಎಂದ.

ಕೊನೆಗೆ ಕೆರೆ ಕಂಡಿತು. ಸುತ್ತ ಬೋಳು ಮರಳು, ನಡುವೆ ಕಪ್ಪು ನೀರು... ಮಸಿ ಚೆಲ್ಲಿದ ಹಾಗೆ. ನೀರಿನ ಮಟ್ಟ ಏರಿ ಮುಳುಗಿದ್ದ ಗಿಡಗಳ ತುದಿಗಳು ಬೆರಳುಗಳಂತೆ ಮೇಲೆ ನಿಂತಿದ್ದವು. ಸಾಬೂನು ಮತ್ತು ಕೊಳೆತ ಹುಲ್ಲು ಬೆರೆತ ವಾಸನೆ. ಒಂದು ದಪ್ಪ ಪೈಪಿನಿಂದ ನೀರು ಗುಳುಗುಳು ಬೀಳುತ್ತಿತ್ತು. ಅದರ ಪಕ್ಕದಲ್ಲೇ ಕೂತೆವು.

ಬೆವರು ಕಣ್ಣಿಗೆ ಇಳಿಯುತ್ತಿತ್ತು. ಗಾಳಿ ಪೂರ್ತಿ ಸತ್ತಿತ್ತು.

ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಜಗ್ಗುವಿನ ದಾರ ಒಮ್ಮೆ ಬಿಗಿಯಾಯಿತು. ಸಡಿಲವಾಯಿತು. ಮತ್ತೆ, ಯಾರೋ ಕೆಳಗಿನಿಂದ ಹಿಡಿದು ಜಗ್ಗಿದಂತೆ... ಅವನು ಎರಡೂ ಕೈಯಲ್ಲಿ ಎಳೆದ. ದಡಕ್ಕೆ ಬಿದ್ದದ್ದು ಮುಗುಡೇ! ಮೊಣಕೈ ಉದ್ದ, ಮೀಸೆ ಅಲುಗಿಸುತ್ತಾ 'ಕರ್... ಕರ್...' ಎನ್ನುತ್ತಿತ್ತು. ಜಗ್ಗು ಇಕ್ಕುಳದಿಂದ ಎರಡೂ ಮುಳ್ಳು ಮುರಿದ. ಒಂದು ಮಾತಿಲ್ಲದೆ, ಅಪ್ಪ ಮಾಡುತ್ತಿದ್ದ ಹಾಗೆಯೇ, ಅವನ್ನು ಮರಳಿನಲ್ಲಿ ನೆಟ್ಟ. ಮೀನನ್ನು ನೀರಿದ್ದ ಬಕೆಟ್ಟಿಗೆ ಹಾಕಿದ.

ಆಗಲೇ ನನಗೆ ವಾಸನೆ ಬಡಿದದ್ದು.

ಸುಟ್ಟ ತೆಂಗಿನ ಗರಿ.

ಯಾರೋ ಕಾವಲುಗಾರ ಖರ್ಜೂರದ ಗರಿ ಸುಡುತ್ತಿರಬೇಕು ಎಂದುಕೊಂಡೆ. ಆದರೆ ಖರ್ಜೂರದ ಗರಿ ಸುಟ್ಟರೆ ಹಾಗೆ ಎಣ್ಣೆ ಎಣ್ಣೆ ಘಾಟು ಬರುವುದಿಲ್ಲ. ಅದರ ಹಿಂದೆಯೇ ಇನ್ನೊಂದು ವಾಸನೆ... ಉತ್ತ ಗದ್ದೆಯ ಕೆಸರಿನದ್ದು.

"ಜಗ್ಗು, ನಿನಗೆ ಎಂತಾದ್ರೂ..."

"ಶ್ಶ್. ಹೆಸರು ಕರೀಬೇಡಿ ಭಾವ." ಅವನು ಆಚೆ ದಡ ನೋಡುತ್ತಿದ್ದ.

ಅಲ್ಲಿ ಕೆಂಪು ಬೆಳಕೊಂದು ನೀರಿನ ಅಂಚಿನಲ್ಲಿ ನಡೆಯುತ್ತಿತ್ತು. ಟಾರ್ಚಿನ ಬೆಳಕಲ್ಲ. ಮಂಕಾಗುತ್ತಿತ್ತು, ಮತ್ತೆ ದೊಡ್ಡದಾಗಿ ಬೀಸಿದಾಗ ಧಗ್ಗನೆ ಹೊತ್ತುತ್ತಿತ್ತು. ಸೂಟೆ ಆರದಂತೆ ಬೀಸಿ ಬೀಸಿ ನಡೆಯುವವರ ಕೈ ನನಗೆ ಗೊತ್ತಿಲ್ಲವೇ? ಪೈಪಿನ ನೀರಿನ ಸದ್ದು ನಿಂತಿತ್ತು. ಯಾವಾಗ ನಿಂತಿತೋ ಗೊತ್ತಾಗಲಿಲ್ಲ.

"ಕೂ..."

ಉದ್ದಕ್ಕೆ ಎಳೆದು, ಕೊನೆಯಲ್ಲಿ ಕೆಮ್ಮಿನಂತೆ ಮುರಿಯುವ ಕೂ. ಮಾವನದ್ದು ಹಾಗೆಯೇ ಇತ್ತು.

ಜಗ್ಗು ಎದ್ದು ನಿಂತ. ನಾನು ಅವನ ಅಂಗಿ ಹಿಡಿದೆಳೆದೆ. ಅವನು ಕೊಡವಿಕೊಂಡು, ಕೈಯನ್ನು ಬಾಯಿಗಿಟ್ಟು "ಕೂ..." ಎಂದ. ಅವನ ದನಿ ಒಡೆದುಹೋಯಿತು.

ಬೆಳಕು ನಿಂತಿತು. ನಮ್ಮ ಕಡೆ ತಿರುಗಿತು. ಆಮೇಲೆ... ದಡ ಸುತ್ತಿ ಬರಲಿಲ್ಲ, ನೀರಿನ ಮೇಲೆಯೇ ನೇರವಾಗಿ ನಮ್ಮತ್ತ ಹೊರಟಿತು.

ಈಗ ನಾನು ಮಾಡಿದ್ದನ್ನು ಕೇಳಿ. ಬೇರೆ ಯಾರಾದರೂ ಓಡುತ್ತಿದ್ದರು. ದೇವರ ಹೆಸರು ಹೇಳುತ್ತಿದ್ದರು. ನನ್ನ ಬಾಯಿಂದ ಬಂದದ್ದೇ ಬೇರೆ. ಎದುರಿಗೆ ಮಾವ ಬಂದರೆ ಅಳಿಯನಾದವನು ಏನು ಹೇಳುತ್ತಾನೋ ಅದು.

"ಬನ್ನಿ ಮಾವ, ಮನೆಗೆ ಬನ್ನಿ... ಊಟಕ್ಕೆ."

ಬೆಳಕು ಆರಿತು. ಪೈಪಿನ ನೀರು ಮತ್ತೆ ಗುಳುಗುಳು ಎನ್ನತೊಡಗಿತು.

ಬಕೆಟ್ ಎತ್ತಿಕೊಂಡು ಇಬ್ಬರೂ ಕಾರಿಗೆ ಓಡಿದೆವು. ನಾನು ಬಾಗಿಲು ಎಳೆದುಕೊಂಡು ಕೀ ತಿರುಗಿಸಿದೆ. ಬಾಗಿಲು ತೆರೆದಿದೆ ಎಂದು ತೋರಿಸುವ ಕೆಂಪು ದೀಪ ಎದುರಿಗೆ ಹತ್ತಿತು. ನನ್ನದು ಹಾಕಿತ್ತು. ಜಗ್ಗುವಿನದ್ದೂ ಹಾಕಿತ್ತು. ಹಿಂದೆ ತಿರುಗಿ ನೋಡುವ ಧೈರ್ಯ ನನಗೆ ಬರಲಿಲ್ಲ.

ಹಿಂದಿನಿಂದ 'ಟಕ್' ಎಂಬ ಸದ್ದು... ದೀಪ ಆರಿತು.

"ಖಲಾಸ್ ಭಾವ. ಹೋಗುವಾ" ಎಂದ ಜಗ್ಗು ಮೆಲ್ಲಗೆ.

ದಾರಿಯುದ್ದಕ್ಕೂ ನಾನು ಹಿಂದಿನ ಕನ್ನಡಿಯನ್ನು ಆಕಾಶದ ಕಡೆ ತಿರುಗಿಸಿಟ್ಟು ಓಡಿಸಿದೆ. ನಡುರಾತ್ರಿಯ ಹೊತ್ತಿಗೆ ಊರಿನ ದೀಪಗಳು ಕಂಡವು. ಕಾರಿನೊಳಗೆ ಗರಿ ಸುಟ್ಟ ವಾಸನೆ ಹಾಗೇ ಇತ್ತು.

ಮರುದಿನ ಸುಜಾತ ಪುಳಿಮುಂಚಿ ಮಾಡಿದಳು. ಮಲಯಾಳಿ ಅಂಗಡಿಯಿಂದ ಬಾಳೆ ಎಲೆ ತಂದೆವು. ಅವಳಿಗೆ ನಾವು ಏನೂ ಹೇಳಿರಲಿಲ್ಲ. ಜಗ್ಗು ತನ್ನ ಕೈಯಾರೆ ಅನ್ನ ಬಡಿಸಿದ, ಮೀನು ಬಡಿಸಿದ. ಕರೆಯಬೇಕಾದವನು ನಾನು, ಆ ಮನೆಯ ಯಜಮಾನ. ನನ್ನ ನಾಲಗೆ ಏಳಲಿಲ್ಲ. ಕರೆದಾಗಿತ್ತಲ್ಲ...

ಬಾಗಿಲೆಳೆದು ಮೂವರೂ ಮೆಟ್ಟಿಲ ಬಳಿ ನಿಂತೆವು. ಎದುರು ಮನೆಯ ಫಿಲಿಪ್ಪೀನಿ ಹೆಂಗಸು ಕೀ ಮರೆತಿದ್ದೀರಾ ಎಂದು ಕೇಳಿ ಹೋದಳು. ಒಳಗೆ ಏಸಿಯ ಸದ್ದು. ಅದರ ನಡುವೆ ಯಾರೋ ಗಂಟಲು ಸರಿಮಾಡಿಕೊಂಡ ಹಾಗೆ... ಸುಜಾತ ನನ್ನ ಕೈ ಹಿಡಿದಳು.

ಬಾಗಿಲು ತಟ್ಟಿ ಒಳಗೆ ಹೋದೆವು. ಅನ್ನದ ನಡುವೆ ಬೆರಳೊತ್ತಿದ ಗುಳಿ. ಎಲೆಯ ಅಂಚಿನಲ್ಲಿ ಅಡ್ಡಡ್ಡ ಇಟ್ಟ ಎರಡು ಮುಳ್ಳು.

"ಮುಳ್ಳು ತೆಗೀದೆ ಕೊಟ್ಟಿದ್ದೀರಾ ನನಗೆ?" ಎಂದಳು ಸುಜಾತ.

ಜಗ್ಗು ಒಂದನ್ನು ಎತ್ತಿದ. ಅದರ ತುದಿಗೆ ಹಸಿ ಕಪ್ಪು ಕೆಸರು ಮೆತ್ತಿತ್ತು. ಆ ಕೆರೆಯ ದಡದಲ್ಲಿ ಇದ್ದದ್ದು ಬಿಳಿ ಮರಳು. ಅವನು ನೆಲಕ್ಕೆ ಕುಸಿದು ಕೂತು, ಚಳಿಗಾಲದಿಂದ ಕಟ್ಟಿಕೊಂಡಿದ್ದನ್ನೆಲ್ಲ ಅತ್ತು ಮುಗಿಸಿದ. ಆ ಹಗಲು ಮಲಗಿದವನು ಮಾರನೇ ಬೆಳಿಗ್ಗೆಯೇ ಎದ್ದದ್ದು.

ಕತೆ ಅಲ್ಲಿಗೆ ಮುಗಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಆ ಶುಕ್ರವಾರ ಸಂಜೆಯೇ ಊರಿನಿಂದ ಅತ್ತೆಯ ಫೋನ್ ಬಂತು. ಅವರೂ ಅದೇ ದಿನ ಊರಿನ ಮನೆಯಲ್ಲಿ ಎಲ್ಲ ಹಿರಿಯರಿಗೂ ಎಲೆ ಹಾಕಿದ್ದರು.

"ಬಾಕಿಯವರ ಎಲೆ ಎಲ್ಲ ಮುಟ್ಟಿದ ಹಾಗೆ ಉಂಟು. ನಿಮ್ಮ ಮಾವನದ್ದು ಮಾತ್ರ ಬಡಿಸಿದ ಹಾಗೇ ಉಂಟು ಮಾರಾಯ್ರೆ. ಮೊದಲನೇ ವರ್ಷವೇ ಬರ್ಲಿಲ್ಲ ಅಂದ್ರೆ... ನಮ್ಮ ಮೇಲೆ ಸಿಟ್ಟಾ ಅವರಿಗೆ?"

ನಾನು ಏನು ಹೇಳಲಿ? ಸಿಟ್ಟಲ್ಲ ಅತ್ತೆ, ಇಲ್ಲಿದ್ದಾರೆ ಎನ್ನಲೇ? ಆಟಿಯ ಎಲೆಗೆ ಕರೆಯಬೇಕಾದದ್ದು ಮನೆಯ ಹೊಸಿಲಿನೊಳಗಿಂದ. ಹಾಗೆ ಕರೆದರೆ ಬಂದವರಿಗೆ ವಾಪಸು ಹೋಗುವ ದಾರಿ ಗೊತ್ತಿರುತ್ತದೆ. ನಾನು ಕರೆದದ್ದು ಮರುಭೂಮಿಯ ನೀರಿನ ದಡದಿಂದ, ಕರೆತಂದದ್ದು ಕಾರಿನಲ್ಲಿ. ವಾಪಸು ಬಿಟ್ಟು ಬಂದವರು ಯಾರು?

ನಾನು ಹೆದರುಪುಕ್ಕಲನೇ ಇರಬಹುದು. ಆದರೆ ಈ ಪ್ರಶ್ನೆಗೆ ಧೈರ್ಯವಂತರಾದರೂ ಉತ್ತರ ಹೇಳಲಿ.

ಕೆಲವು ವರ್ಷಗಳ ನಂತರ ನಾವೆಲ್ಲ ಖಾಯಂ ಊರಿಗೆ ಮರಳಿದೆವು. ಫ್ಲಾಟಿಗೆ ಬೀಗ ಹಾಕುವ ಮೊದಲು ಖಾಲಿ ಕೋಣೆಯ ಮುಂದೆ ನಿಂತು, "ಬನ್ನಿ ಮಾವ, ಹೋಗುವಾ" ಎಂದೆ. ಮಂಗಳೂರು ವಿಮಾನ ನಿಲ್ದಾಣದಿಂದ ಮನೆಯವರೆಗೂ ಟ್ಯಾಕ್ಸಿಯ ಬಾಗಿಲಿನ ದೀಪವನ್ನೇ ನೋಡುತ್ತಾ ಕೂತಿದ್ದೆ. ಅದು ಹತ್ತಲೇ ಇಲ್ಲ. ಆ ಆಟಿಯಲ್ಲೂ ಮಾವನ ಎಲೆ ಬಡಿಸಿದ ಹಾಗೇ ಉಳಿಯಿತು. ಆಮೇಲಿನ ಆಟಿಯಲ್ಲೂ. ಆ ಕೆರೆಯನ್ನೂ ಈಗ ಬತ್ತಿಸಿದ್ದಾರಂತೆ.

ಕಳೆದ ಆಟಿಯಲ್ಲಿ ನಮ್ಮ ಹಳೆಯ ಫ್ಲಾಟಿನಲ್ಲಿ ಈಗ ಇರುವವರು ಹೇಗೋ ನನ್ನ ನಂಬರ್ ಹುಡುಕಿ ಫೋನ್ ಮಾಡಿದ್ದರು. ಉಡುಪಿ ಕಡೆಯವರು, ಮರ್ಯಾದಸ್ಥರು.

"ಸಾರ್, ನೀವಿದ್ದಾಗ ಒಳಗೆ ಏನಾದ್ರೂ ವಾಸನೆ ಬರ್ತಿತ್ತಾ? ಪ್ರತಿ ವರ್ಷ ಈ ತಿಂಗಳಲ್ಲಿ ಮಾತ್ರ ಬರ್ತದೆ. ಗರಿ ಸುಟ್ಟ ಹಾಗೆ. ಏಸಿ ಮೆಕ್ಯಾನಿಕ್‌ಗೆ ತೋರಿಸಿದ್ದಾಯ್ತು, ಮಾಫಿ ಪ್ರಾಬ್ಲಮ್, ಏನೂ ತೊಂದರೆ ಇಲ್ಲ ಅಂತಾನೆ. ಅಡುಗೆ ಕೋಣೆಯಲ್ಲಿ ಪಾತ್ರೆ ಮುಚ್ಚಳ ಬೇರೆ ಅಲುಗ್ತದೆ..."

 ನಾನು ಮೆಲ್ಲಗೆ ಕೇಳಿದೆ.

"ನೀವು... ಮೀನು ತಿನ್ತೀರಾ?"

"ಛೇ ಛೇ, ಇಲ್ಲ ಸಾರ್" ಎಂದರು ಅವರು. "ನಾವು ಶುದ್ಧ ಸಸ್ಯಾಹಾರಿಗಳು."