ಸರದಿ ಮರೆಯುತ್ತಿದ್ದ ಪೆಟ್ಟಿಗೆ

ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆ ಮೂಗಿಗೆ ಬಡಿದರೆ ಸಾಕು, ಕೈಕೆಲಸ ನಿಂತುಬಿಡುತ್ತದೆ. ಪಾಲಿಟೆಕ್ನಿಕ್ಕಿನಲ್ಲಿ ನಮಗೆ ಮೈಕ್ರೋಕಂಟ್ರೋಲರ್ ಕಲಿಸಿದ ಮೇಷ್ಟ್ರು ನೆನಪಾಗುತ್ತಾರೆ. "ಯಾವ ವೇರಿಯಬಲ್ ಮೆಮೊರೀಲಿ ಎಲ್ಲಿ ಕೂರಬೇಕು ಅಂತ ಮೊದಲು ಯೋಚಿಸ್ರಮ್ಮ" ಎಂದು ಬೈಯುತ್ತಿದ್ದರು. ಹನಕೆರೆಯ ನಮ್ಮ ಮನೆಗೆ ಬಂದರೆ ಮುದ್ದೆ, ಉಪ್ಸಾರು ಉಣ್ಣದೆ ಹೋದವರಲ್ಲ.

ನಮಗೂ ಚಿಕ್ಕಮ್ಮನಿಗೂ ಇದ್ದದ್ದು ಒಂದೇ ಬೋರ್‌ವೆಲ್. ಚಿಕ್ಕಪ್ಪ ತೀರಿಕೊಂಡ ಮೇಲೆ ನೀರಿಗೆ ದಿನಾ ಜಗಳ. ನಾನು ಕೇಳಿಕೊಂಡಿದ್ದಕ್ಕೆ ಮೇಷ್ಟ್ರು ಒಂದು ಪೆಟ್ಟಿಗೆ ಮಾಡಿಕೊಟ್ಟರು. ಕರೆಂಟು ಬಂದಾಗ ಅದು ತಾನಾಗಿ ಮೋಟರು ಹಾಕಿ, ಒಂದು ಸರದಿ ನಮ್ಮ ಗದ್ದೆಗೆ, ಮುಂದಿನದು ಚಿಕ್ಕಮ್ಮನ ಕಬ್ಬಿಗೆ ನೀರು ತಿರುಗಿಸಬೇಕು.

ತಿರುಗಿಸಿದ್ದು ಕಡಿಮೆ... ಕರೆಂಟು ಹೋಗಿ ಬಂದಾಗಲೆಲ್ಲ ಎಲ್ಲಿಗೆ ನಿಂತಿತ್ತೆಂಬುದನ್ನೇ ಮರೆತು ಪೆಟ್ಟಿಗೆ ಮತ್ತೆ ನಮ್ಮಿಂದಲೇ ಶುರುಮಾಡುತ್ತಿತ್ತು. ನಮ್ಮ ಕಡೆ ಕರೆಂಟು ಹೋಗುವುದಕ್ಕೇನು ಬರವೇ! ಚಿಕ್ಕಮ್ಮನ ಕಬ್ಬು ಬಾಡತೊಡಗಿತು. ಮೇಷ್ಟ್ರಿಗೆ ಹೇಳುತ್ತೇನೆ ಎಂದರೆ ಅಪ್ಪ, "ಬರೋ ನೀರ ಬ್ಯಾಡ ಅಂತೀಯೇನವ್ವ? ಸುಮ್ಕಿರು" ಎಂದರು. ಸುಮ್ಮನಿದ್ದೆ.

ಒಂದು ಬೆಳಿಗ್ಗೆ ನಮ್ಮ ಮನೆಗೆ ಬರುತ್ತಿದ್ದ ಮೇಷ್ಟ್ರನ್ನು ಹಾಲಿನ ಡೈರಿ ಮುಂದೆ ಚಿಕ್ಕಮ್ಮ ಅಡ್ಡಹಾಕಿದರು. "ಅವ್ರ ಮನೇಲಿ ಉಂಡು ಅವ್ರಿಗೇ ನೀರು ತಿರುಗ್ಸವ್ರೆ ಕಣ್ರಪ್ಪ, ಓದ್ದೋರಂತೆ!" ಹಾಲು ಹಾಕಲು ಬಂದವರೆಲ್ಲ ನಕ್ಕರು. ಅಪ್ಪ ಅಲ್ಲೇ ಕ್ಯಾನು ಹಿಡಿದು ನಿಂತಿದ್ದರು, ತುಟಿ ಬಿಚ್ಚಲಿಲ್ಲ. ಪಕ್ಕದಲ್ಲೇ ನಾನಿದ್ದೆ.

ಮೇಷ್ಟ್ರು ನೇರ ಹೊಲಕ್ಕೆ ಹೋಗಿ ಪೆಟ್ಟಿಗೆ ಬಿಚ್ಚಿದರು; ಚಿಕ್ಕಮ್ಮನೂ ನಾನೂ ಹಿಂದೆಯೇ ಹೋದೆವು. ಸರದಿಯ ಲೆಕ್ಕ ರ‍್ಯಾಮಿನಲ್ಲಿ ಕೂತಿತ್ತು, ಕರೆಂಟು ಹೋದರೆ ಅಲ್ಲಿ ಏನೂ ಉಳಿಯದು. ನಮಗೆ ಬೈದು ಕಲಿಸಿದ್ದರಲ್ಲೇ ಅವರು ಎಡವಿದ್ದರು. ಅದನ್ನು ಅಳಿಯದ ಮೆಮೊರಿಯಲ್ಲಿ ಬರೆದಿಡುವಂತೆ ಪ್ರೋಗ್ರಾಂ ತಿದ್ದಿ, ಚಿಕ್ಕಮ್ಮನಿಗೆ ಕೈಮುಗಿದರು. "ತಪ್ಪು ನಂದೇ ಕಣಮ್ಮ, ನಿಮ್ಮ ಭಾವನೋರ್ದಲ್ಲ."

ಆಮೇಲೆ ನನ್ನತ್ತ ತಿರುಗಿ ಮೆಲ್ಲಗೆ ಕೇಳಿದರು: "ನಿಂಗೆ ಮೊದಲೇ ಗೊತ್ತಿತ್ತೇನಮ್ಮ?"

ತಲೆ ತಗ್ಗಿಸಿದೆ. ಆವತ್ತು ಅವರು ಊಟಕ್ಕೆ ನಿಲ್ಲಲಿಲ್ಲ. ಮತ್ತೆಂದೂ ನಮ್ಮ ಮನೆಗೆ ಬರಲಿಲ್ಲ. "ಮೇಷ್ಟ್ರು ದೊಡ್ಡೋರಾಗ್ಬುಟ್ರು, ಈ ಕಡೆ ತಲೇನೇ ಆಕಲ್ಲ" ಎಂದು ಅಪ್ಪ ಈಗಲೂ ಆಡಿಕೊಳ್ಳುತ್ತಾರೆ. ಕೇಳುವಾಗ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಹೋದ ತಿಂಗಳು ಮೇಷ್ಟ್ರು ತೀರಿಕೊಂಡರು. ಮದ್ದೂರಿನ ಅವರ ಮನೆಗೆ ಹೋಗಿದ್ದೆ. ಅವರ ಹೆಂಡತಿ ನನ್ನ ಕೈ ಹಿಡಿದು, "ಅವ್ರ ಸ್ಟೂಡೆಂಟಾ? ಯಾವೂರವ್ವ?" ಎಂದು ಕೇಳಿದರು.

ಹನಕೆರೆ ಎನ್ನಲು ಬಾಯಿ ಬರಲಿಲ್ಲ. ಮಂಡ್ಯ ಎಂದೆ.