ಗುಡುಗಮ್ಮನ ಕೊಳಕ್ಕೆ ಮೇಷ್ಟ್ರು ಬಂದರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಈಜುಕೊಳದ ಅಂಚಿನಲ್ಲಿ ಒಬ್ಬಾಕೆ ಉದ್ದ ಕೋಲಿನ ಬಲೆ ಹಿಡಿದು, ನೀರಿನ ಮೇಲೆ ತೇಲುವ ಎಲೆ, ಹುಳುಗಳನ್ನು ಎತ್ತಿ ಹಾಕುತ್ತಿದ್ದಾರೆ. ಅದಾದ ಮೇಲೆ ಮೆಟ್ಟಿಲ ಪಾಚಿ ಉಜ್ಜಬೇಕು. ಆಮೇಲೆ ನೀರಿಗಿಳಿದರೆಂದರೆ ಇಡೀ ಕೊಳಕ್ಕೆ ಅವರದೊಂದೇ ದನಿ. "ಕಾಲು ಬಡಿ! ಮುಖ ಮುಳುಗಿಸು! ನೀರೇನು ನಿನ್ನ ಕಚ್ಚುತ್ತಾ?" ಕಲಿಯಲು ಬರುವವರು ಅವರಿಗೆ ಇಟ್ಟ ಹೆಸರು ಗುಡುಗಮ್ಮ. ಅದು ಅವರ ಕಿವಿಗೂ ಬಿದ್ದಿದೆ, ಬೇಜಾರೇನಿಲ್ಲ.

ನೀರೆಂದರೆ ಹೆದರುವ ದೊಡ್ಡವರಿಗೆ ಈಜು ಕಲಿಸುವುದು ಅವರ ಕೆಲಸ. ಬಂದದ್ದು ಮಾತ್ರ ನೆಲ ಒರೆಸಲು. ಗಂಡ ಹಾಸಿಗೆ ಹಿಡಿದಿದ್ದರು, ಮನೆ ನಡೆಯಬೇಕಿತ್ತು. ಕೊಳ ಖಾಲಿಯಿದ್ದ ಮಧ್ಯಾಹ್ನಗಳಲ್ಲಿ ಹೆದರಿ ಹೆದರಿ ತಾವೇ ಕೈಕಾಲು ಬಡಿದು ಕಲಿತರು. ಔಷಧಿ ಹಾಕಿದ ನೀರಿಗೆ ಬೆರಳ ಸಂದುಗಳು ಬಿರಿದಿವೆ, ಕಣ್ಣು ಸದಾ ಕೆಂಪು. "ಮನೇಲಿ ಎಲ್ರೂ ನಾನು ಅತ್ಕೊಂಡು ಬಂದಿದೀನಿ ಅಂದ್ಕೋತಾರೆ. ಅಳೋಕೆ ಪುರುಸೊತ್ತೆಲ್ಲಿದೆ?" ಎಂದು ನಗುತ್ತಾರೆ.

ಇಂಥ ಗುಡುಗು ಒಂದು ಬೆಳಿಗ್ಗೆ ಗಂಟಲಲ್ಲೇ ಸಿಕ್ಕಿಕೊಂಡಿತು. ಬ್ಯಾಂಕಿನ ಗುಮಾಸ್ತರೊಬ್ಬರ ತಲೆಯನ್ನು ಅಂಗೈಯಲ್ಲಿ ಹಿಡಿದು ಅಂಗಾತ ತೇಲಿಸುತ್ತಿದ್ದಾಗ, ಟವೆಲ್ ಹೊದ್ದ ವೃದ್ಧರೊಬ್ಬರು ಊರುಗೋಲೂರಿಕೊಂಡು ಬಾಗಿಲಲ್ಲಿ ನಿಂತರು. ಚಿಕ್ಕಂದಿನಲ್ಲಿ ಅಕ್ಷರ ಕಲಿಸಿದ ಮೇಷ್ಟ್ರು! ಕಂಡದ್ದೇ ತಡ, ಗುಡುಗಮ್ಮ ನೀರಲ್ಲೇ ನೆಟ್ಟಗೆ ನಿಂತು ಎರಡೂ ಕೈ ಜೋಡಿಸಿಬಿಟ್ಟರು. ಗುಮಾಸ್ತರು ಬುಳಕ್ಕನೆ ಮುಳುಗಿದರು. ಅವರನ್ನು ಎಳೆದು ನಿಲ್ಲಿಸುವಷ್ಟರಲ್ಲಿ ಮೇಷ್ಟ್ರು ಬಂದ ದಾರಿ ಹಿಡಿದಿದ್ದರು.

ಓಡಿಹೋಗಿ ಕರೆತಂದದ್ದಾಯಿತು. ಮೇಷ್ಟ್ರ ಮಂಡಿ ಸವೆದಿದೆ. ನೀರಲ್ಲಿ ಕೈಕಾಲಾಡಿಸಿದರೆ ಓಡಾಡಿಕೊಂಡಿರಬಹುದು, ಇಲ್ಲವಾದರೆ ಕುರ್ಚಿಯೇ ಗತಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. ಮೇಷ್ಟ್ರಿಗೋ ಬಕೆಟ್ಟಿನ ನೀರು ಬಿಟ್ಟರೆ ಉಳಿದ ನೀರೆಲ್ಲ ಭಯ. ಕಲಿಸುವವರಿಗೆ ಮೇಷ್ಟ್ರೆಂದರೆ ಅದಕ್ಕಿಂತ ದೊಡ್ಡ ಭಯ. "ಸ್ವಲ್ಪ ಕಾಲೆತ್ತಿದ್ರೆ ಒಳ್ಳೇದಿತ್ತು ಸಾರ್... ಕಷ್ಟ ಆದ್ರೆ ಬೇಡ ಸಾರ್." ವಾರ ಕಳೆದರೂ ಮೇಷ್ಟ್ರು ಅಂಚಿನ ಕಂಬಿ ಬಿಡಲಿಲ್ಲ.

"ನಾಳೆಯಿಂದ ಬರಲ್ಲಮ್ಮ," ಎಂದರು ಒಂದು ದಿನ. "ಎಲ್ರನ್ನೂ ಗದರ್ತೀಯ, ಅವರು ಕಲೀತಿದಾರೆ. ನನ್ನ ಹತ್ರ ಬಂದ್ರೆ ಬೆಣ್ಣೆ ಥರ ಕರಗಿ ಹೋಗ್ತೀಯ."

"ನಿಮ್ಮನ್ನ ಗದರೋದಾ? ನಾಲಿಗೆ ಬಿದ್ದು ಹೋಗುತ್ತೆ ಸಾರ್!"

"ಬೀಳಲಿ ಬಿಡು. ನನಗೆ ಕಾಲು ಬೇಕಮ್ಮ."

ಗುಡುಗಮ್ಮ ಕಣ್ಣು ಮುಚ್ಚಿಕೊಂಡರು. "ಕಂಬಿ ಬಿಡ್ರೀ! ನಾನು ಹಿಡ್ಕೊಂಡಿಲ್ವಾ? ಎಷ್ಟು ಸಲ ಹೇಳಬೇಕು ನಿಮಗೆ?"

ಮೇಷ್ಟ್ರು ಬೆಚ್ಚಿಬಿದ್ದು ಕಂಬಿ ಬಿಟ್ಟೇಬಿಟ್ಟರು. ಬೆನ್ನ ಕೆಳಗಿನ ಅಂಗೈ ಮೆಲ್ಲನೆ ಸರಿಯಿತು. ಅವರು ತೇಲುತ್ತಿದ್ದರು. ಕಲಿಸಿದಾಕೆಗೆ ಖುಷಿಯೂ ಸಂಕಟವೂ ಒಟ್ಟಿಗೇ ಉಕ್ಕಿಬಂದವು.

ಈಗ ಮೇಷ್ಟ್ರು ದಿನಾ ಬರುತ್ತಾರೆ, ದಿನಾ ಬೈಸಿಕೊಳ್ಳುತ್ತಾರೆ. ಇಲ್ಲಿ ಈಜು ಕಲಿಸುವ ಮೇಡಂ ಯಾರೆಂದು ಯಾರಾದರೂ ಕೇಳಿದರೆ ಗತ್ತಿನಿಂದ ಗುಡುಗಮ್ಮನತ್ತ ಬೆರಳು ತೋರಿಸುತ್ತಾರೆ. ಆಳದ ಕಡೆಗೆ ಹೋಗಬೇಕೆಂದು ಇತ್ತೀಚೆಗೆ ಹಟ ಶುರುವಾಗಿದೆ. ಅದೊಂದಕ್ಕೆ ಗುಡುಗಮ್ಮ ಸುತಾರಾಂ ಒಪ್ಪುವುದಿಲ್ಲ.

"ನಾನು ಓದಿದ್ದು ಬರೀ ಐದನೇ ಕ್ಲಾಸು. ಅಷ್ಟನ್ನೂ ಕಲಿಸಿದ್ದು ಅವರೇ," ಎನ್ನುತ್ತಾರೆ ಬಲೆಯನ್ನು ಗೋಡೆಗೆ ಒರಗಿಸುತ್ತ. "ಬೇರೆಯವರು ಒಂದೆರಡು ಗುಟುಕು ನೀರು ಕುಡಿದು ಏಳಲಿ, ಪರವಾಗಿಲ್ಲ. ನನಗಿರೋರು ಒಬ್ಬರೇ ಮೇಷ್ಟ್ರು."