ದಾರದಕ್ಕನ ಒಂಬತ್ತು ಗಂಟೆ

ವಿಮಾನದ ಟಿಕೆಟ್ ಮಾರುವ ಆ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತಿದ್ದವಳಿಗೆ ದಾರದಕ್ಕ ಎಂದೇ ಹೆಸರು. ಯಾವ ಊರು ಎಷ್ಟು ದೂರ ಎಂದು ಯಾರೇ ಕೇಳಲಿ, ಮೇಜಿನ ಮೇಲಿನ ಭೂಗೋಳಕ್ಕೆ ಹೊಲಿಗೆ ದಾರ ಎಳೆದು ಹಿಡಿದು ತೋರಿಸುತ್ತಿದ್ದಳು. ಕಂಪ್ಯೂಟರ್ ಹೇಳುವುದನ್ನೇ ದಾರವೂ ಹೇಳುತ್ತಿತ್ತು. ಆದರೆ ದೂರ ಎನ್ನುವುದು ಜನರ ಕಣ್ಣಿಗೆ ಕಾಣಬೇಕು ಎಂಬುದು ಅವಳ ಹಟ. ಅವಳು ಮಾತ್ರ ಒಮ್ಮೆಯೂ ವಿಮಾನ ಹತ್ತಿದವಳಲ್ಲ.

ಮಾಲೀಕರ ಅಳಿಯ ಬಂದ ಮೇಲೆ ಗೋಡೆಗೊಂದು ಬಣ್ಣದ ಹಲಗೆ ಬಂತು. ಪಶ್ಚಿಮದ ದೊಡ್ಡ ನಗರಕ್ಕೆ 'ಬರೀ ನಾಲ್ಕೂವರೆ ಗಂಟೆ' ಎಂದು ದಪ್ಪ ಅಕ್ಷರ. ಮಹಾಶಯ ಟಿಕೆಟ್ ನೋಡಿದ್ದ: ಹೊರಡುವುದು ಬೆಳಿಗ್ಗೆ ಹತ್ತಕ್ಕೆ, ಇಳಿಯುವುದು ಮಧ್ಯಾಹ್ನ ಎರಡೂವರೆಗೆ. ತನ್ನ ಮೂಗಿನ ನೇರಕ್ಕೆ ಕಳೆದುಬಿಟ್ಟಿದ್ದ. ಆ ಊರಿನ ಗಡಿಯಾರ ಇಲ್ಲಿಗಿಂತ ನಾಲ್ಕೂವರೆ ಗಂಟೆ ಹಿಂದಿದೆ ಎಂಬುದು ಅವನಿಗೆ ಹೊಳೆದಿರಲಿಲ್ಲ. ದಾರದಕ್ಕ ಹೇಳಿದಳು. ಮಾಲೀಕರಿಗೆ ಅರ್ಥವೂ ಆಯಿತು. ಆದರೆ ಅಳಿಯ ಮಾಡಿಸಿದ ಹಲಗೆ. ಇಳಿಸಿದರೆ ಮಗಳು ಮುಖ ಊದಿಸಿಕೊಳ್ಳುತ್ತಾಳೆ. ಹತ್ತಿದವರು ಹೇಗೂ ಇಳಿಯುತ್ತಾರೆ, ನೀನು ಸುಮ್ಮನಿರು ಎಂದರು.

ಒಂದು ಸೋಮವಾರ ಬಡಗಿಯೊಬ್ಬ ಬಂದ. ಸಕ್ಕರೆ ಕಾಯಿಲೆಯ ಅವನ ತಾಯಿ ಅದೇ ನಗರಕ್ಕೆ, ಮಗಳ ಮನೆಗೆ, ಒಬ್ಬಳೇ ಹೊರಟಿದ್ದಳು. ಅವನು ಹಲಗೆ ಓದಿ, ನಾಲ್ಕೂವರೆ ಗಂಟೆ ತಾನೇ, ಇನ್ಸುಲಿನ್ ದೊಡ್ಡ ಪೆಟ್ಟಿಗೆಯಲ್ಲೇ ಹಾಕುತ್ತೇನೆ, ಇಳಿದ ಮೇಲೆ ಚುಚ್ಚಿಕೊಳ್ಳಲಿ ಅಂದ. ಆ ಪೆಟ್ಟಿಗೆ ವಿಮಾನದ ಹೊಟ್ಟೆಗೆ ಹೋದರೆ ಇಳಿಯುವವರೆಗೆ ಕೈಗೆ ಸಿಗದು. ದಾರದಕ್ಕನ ಮೈ ಉರಿಯಿತು. ಮಾಲೀಕರು ಪಕ್ಕದಲ್ಲೇ ನಿಂತು ಕೆಮ್ಮಿದರು. ಅವಳು ದಾರ ಎಳೆದು ಹಿಡಿದಳು.

"ಏಳೂವರೆ ಸಾವಿರ ಕಿಲೋಮೀಟರ್. ಒಂಬತ್ತು ಗಂಟೆ ಬೇಕು. ಇನ್ಸುಲಿನ್ನು, ಊಟ ಎರಡೂ ಅಮ್ಮನ ಕೈಚೀಲದಲ್ಲೇ ಇರ್ಲಿ. ಆ ಹಲಗೆ ಸುಳ್ಳು."

ಬಡಗಿ ಹೋದದ್ದೇ ತಡ, ಮಾಲೀಕರು ಸಿಡಿದರು. ಉಂಡ ಮನೆಗೆ ಎರಡು ಬಗೆಯುವವಳು ಎಂದರು. ಒಂದು ದಿನವೂ ವಿಮಾನ ಹತ್ತದವಳಿಗೆ ಹಾರಾಟದ ಮಾತೇಕೆ ಎಂದು ಹಂಗಿಸಿದರು.

"ಹತ್ತಿಲ್ಲ ಯಜಮಾನ್ರೇ. ಇಪ್ಪತ್ತೆರಡು ವರ್ಷದಿಂದ ಹತ್ತಿಸ್ತಾ ಇದೀನಿ. ಕೇಳಿದವರಿಗೆಲ್ಲ ಒಂಬತ್ತು ಅಂತಾನೇ ಹೇಳ್ತೀನಿ. ಬೇಡ ಅಂದ್ರೆ ಕೆಲಸದಿಂದ ತೆಗೀರಿ."

ತೆಗೆಯುವ ಧೈರ್ಯ ಬರಲಿಲ್ಲ. ಅರ್ಧ ಗಿರಾಕಿಗಳು ಬರುತ್ತಿದ್ದದ್ದೇ ಅವಳನ್ನು ನಂಬಿ. ತಾನಾಗಿಯೇ ಬಿಟ್ಟು ಹೋಗಲಿ ಎಂದು ಮಾರನೆಯ ದಿನ ಅವಳ ಕುರ್ಚಿ ತೆಗೆಸಿದರು. ರಿಪೇರಿಗೆ ಹೋಗಿದೆ ಎಂದು ಅಳಿಯ ನಕ್ಕ. ಐವತ್ತು ದಾಟಿದ ಮಂಡಿ ಅವಳದು. ನಿಂತೇ ದಾರ ಎಳೆದಳು, ಹನ್ನೊಂದು ದಿನ. ಸಂಜೆ ಮನೆಯಲ್ಲಿ ಬಿಸಿನೀರಿಗೆ ಕಾಲಿಟ್ಟು ಅತ್ತದ್ದೂ ಉಂಟು. ಬೆಳಿಗ್ಗೆ ಮಾತ್ರ ಎಲ್ಲರಿಗಿಂತ ಮೊದಲು ಬಂದು ನಿಲ್ಲುತ್ತಿದ್ದಳು.

ಹನ್ನೊಂದನೆಯ ಸಂಜೆ ಬಡಗಿ ಬಂದ. ತಾಯಿ ದಾರಿಯಲ್ಲಿ ಹೊತ್ತಿಗೆ ಸರಿಯಾಗಿ ಚುಚ್ಚಿಕೊಂಡು, ಉಂಡು, ಕ್ಷೇಮವಾಗಿ ತಲುಪಿದ ಸುದ್ದಿ ಹೇಳಿದ. ಯಾಕೆ ನಿಂತಿದ್ದೀರಿ ಎಂದು ಕೇಳಿದ. ಅವಳು ಕಡ್ಡಿ ಮುರಿದಂತೆ ಇದ್ದದ್ದು ಹೇಳಿದಳು. ಹೋದವನು ಮಾರನೆಯ ಬೆಳಿಗ್ಗೆ ಮರದ ಕುರ್ಚಿಯೊಂದನ್ನು ಹೊತ್ತು ತಂದು ಅವಳ ಮೇಜಿನ ಹಿಂದೆ ಇಟ್ಟ.

"ಕೂತ್ಕೊಳ್ಳಿ ಅಕ್ಕಾ."

"ಆ ಹಲಗೆ ಇಳೀಲಿ. ಆಮೇಲೆ ಕೂರ್ತೀನಿ."

ಬಡಗಿ ಹಲಗೆ ನೋಡಿದ, ಕುರ್ಚಿ ನೋಡಿದ. ಕುರ್ಚಿಯನ್ನು ಗೋಡೆಯ ಹತ್ತಿರ ಎಳೆದು, ಚಪ್ಪಲಿ ಬಿಟ್ಟು ಹತ್ತಿ, ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. ಇದ್ದದ್ದು ನಾಲ್ಕೇ ಸ್ಕ್ರೂ. ಅಳಿಯ ಮಾವನ ಮುಖ ನೋಡಿದ. ಸಾಲಿನಲ್ಲಿದ್ದ ಏಳು ಜನವೂ ಅದೇ ಮುಖ ನೋಡಿದರು. ಮಾಲೀಕರು ಕನ್ನಡಕ ಒರೆಸಿಕೊಳ್ಳುತ್ತ ನಿಂತರು.

ಹಲಗೆ ಇಳಿಯಿತು. ದಾರದಕ್ಕ ಅಂಗೈಯಿಂದ ಕುರ್ಚಿ ಒರೆಸಿ ಕೂತಳು. ದಾರ ಕೈಗೆತ್ತಿಕೊಂಡಳು.

"ಮುಂದಿನೋರು ಬನ್ನಿ. ಎಲ್ಲಿಗೆ?"